ದಡ ಹತ್ತಿದ ಮೇಲೆ ಏರುವ ಚಳಿ

ತಣ್ಣೀರಿನ ಈಜಿನ ಬಗ್ಗೆ ಹೊರದೇಶದಲ್ಲಿರುವ ಕನ್ನಡಿಗರಿಂದಲೂ ಇಲ್ಲಿಯವರಿಂದಲೂ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

ಪ್ರಶ್ನೆ: ಭಾನುವಾರ ಬೆಳಗ್ಗೆ ಇಲ್ಲಿನ ಸ್ಯಾಂಡಿಕೋವ್‌ನ ಫಾರ್ಟಿ ಫುಟ್‌ನಲ್ಲಿ ಕಾಲು ಗಂಟೆ ಸಮುದ್ರದಲ್ಲಿ ಈಜುತ್ತೇನೆ. ನೀರಿನಲ್ಲಿ ಆರಾಮವಾಗಿಯೇ ಇರುತ್ತೇನೆ. ಮೇಲೆ ಬಂದು ಟವೆಲ್ ಸುತ್ತಿಕೊಂಡು ಹತ್ತು ನಿಮಿಷವಾಗುವಷ್ಟರಲ್ಲಿ ಹಲ್ಲು ಕಟಕಟ ಕಡಿಯುವಂತೆ ನಡುಕ ಶುರುವಾಗುತ್ತದೆ. ನೀರಿನಲ್ಲಿ ಬರದ ನಡುಕ ದಡದಲ್ಲಿ ಏಕೆ? — ಓದುಗರು, ಡಬ್ಲಿನ್

ನೀವು ನೀರಿನಿಂದ ಎದ್ದರೂ ನಿಮ್ಮ ಒಳಮೈಯ ತಾಪ ಇಳಿಯುವುದು ನಿಂತಿರುವುದಿಲ್ಲ. ಈಜುಗಾರರು ಇದನ್ನು ಆಫ್ಟರ್‌ಡ್ರಾಪ್ ಎನ್ನುತ್ತಾರೆ. ತಣ್ಣೀರಿನ ಈಜಿನಲ್ಲಿ ಎಲ್ಲಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ. ಬಹಳ ಜನ ನೀರಿನಲ್ಲಿರುವಷ್ಟು ಹೊತ್ತು ಎಚ್ಚರವಾಗಿದ್ದು, ಮೆಟ್ಟಿಲು ಹತ್ತಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ.

ಚಳಿಗಾಲದ ಕೊನೆಗೆ ಡಬ್ಲಿನ್ ಕೊಲ್ಲಿಯ ನೀರು 7-8 ಡಿಗ್ರಿಗೆ ಇಳಿದಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಇಳಿದ ಕೂಡಲೇ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲಿಗೆ ಹರಿಯುವ ರಕ್ತ ತಗ್ಗುತ್ತದೆ, ಬೆಚ್ಚನೆಯ ರಕ್ತ ಹೆಚ್ಚಾಗಿ ಎದೆ, ಹೊಟ್ಟೆ, ತಲೆಯ ಕಡೆ ಉಳಿಯುತ್ತದೆ. ಕೆಲವೇ ನಿಮಿಷದಲ್ಲಿ ಚರ್ಮ ಹೆಚ್ಚುಕಡಿಮೆ ನೀರಿನಷ್ಟೇ ತಣ್ಣಗಾಗುತ್ತದೆ. ಆದರೆ ಒಳತಾಪ ಆಗಿನ್ನೂ 37ರ ಆಸುಪಾಸಿನಲ್ಲೇ ಇರುತ್ತದೆ. ಕೆಲವರಲ್ಲಿ ಮೊದಮೊದಲು ತುಸು ಏರುವುದೂ ಉಂಟು. ಈ ಹೊತ್ತಿಗೆ ಚರ್ಮ ಮರಗಟ್ಟಿರುತ್ತದೆ, ಸ್ನಾಯುಗಳು ದುಡಿದು ಬಿಸಿ ಹುಟ್ಟಿಸುತ್ತಿರುತ್ತವೆ. ನಿಮಗೆ ಅನಿಸುವ ಆರಾಮ ಹುಟ್ಟುವುದು ಈ ಎರಡರಿಂದ. ಒಳತಾಪ ಎಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ.

ಹೊರಬಂದಾಗ ಚರ್ಮ, ಕೊಬ್ಬು, ತೋಳು-ತೊಡೆಯ ಸ್ನಾಯು ಎಲ್ಲವೂ ತಣ್ಣಗಿರುತ್ತವೆ, ನಡುಮೈ ಬಿಸಿಯಾಗಿರುತ್ತದೆ. ಬಿಸಿ ಮುದ್ದೆಯನ್ನು ತಣ್ಣೀರಿಗೆ ಅದ್ದಿ ತಟ್ಟೆಗಿಟ್ಟ ಮೇಲೂ ಅದರ ನಡುವಿನ ಬಿಸಿ ತಣ್ಣನೆಯ ಹೊರಪದರಕ್ಕೆ ಹರಿಯುತ್ತಲೇ ಇರುವಂತೆ, ನಿಮ್ಮ ಒಳಗಿನ ಶಾಖವೂ ಹೊರಕ್ಕೆ ಹರಿಯುತ್ತದೆ. ಇದಕ್ಕೆ ರಕ್ತ ಓಡಾಡಲೇಬೇಕೆಂದೂ ಇಲ್ಲ. ರಕ್ತಸಂಚಾರವಿಲ್ಲದ ಮಾಂಸದ ತೊಡೆಯನ್ನೂ ಜೆಲಾಟಿನ್ ಚೀಲವನ್ನೂ ತಂಪು ಮಾಡಿ ಮತ್ತೆ ಬಿಸಿ ಮಾಡಿದಾಗ ಅವುಗಳ ನಡುಭಾಗದ ತಾಪವೂ ಹೀಗೆಯೇ ಇನ್ನಷ್ಟು ಇಳಿದು ಆಮೇಲೆ ಏರುವುದನ್ನು ಸಂಶೋಧಕ ಪಾಲ್ ವೆಬ್ 1986ರಲ್ಲಿ ತೋರಿಸಿದರು. ಜೀವಂತ ಮೈಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಓಡಾಡಿದಾಗ, ಕೈಕಾಲು ಬಿಸಿ ಮಾಡಿದಾಗ ಅಲ್ಲಿನ ರಕ್ತನಾಳಗಳು ತೆರೆದುಕೊಂಡು ತಣ್ಣನೆಯ ರಕ್ತ ಒಳಕ್ಕೆ ಮರಳುತ್ತದೆ.

ಈ ಇಳಿತ ಸಾಮಾನ್ಯವಾಗಿ ಅರ್ಧ ಡಿಗ್ರಿಯಿಂದ ಒಂದು ಡಿಗ್ರಿ. ದೀರ್ಘ ಈಜಿನ ಮೇಲೆ ಇನ್ನೂ ಹೆಚ್ಚಾಗಬಹುದು. ತಾಪ ತೀರ ಕೆಳಗೆ ಮುಟ್ಟುವುದು ಹೊರಬಂದ 10ರಿಂದ 30 ನಿಮಿಷದೊಳಗೆ. ನಿಮ್ಮ ನಡುಕದ ಹೊತ್ತೂ ಅದೇ. ಒಳತಾಪ 35ಕ್ಕಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಈಗ ಲೆಕ್ಕ ಹಾಕಿ: 36ರಲ್ಲಿ ಹೊರಬಂದವರು ಬಟ್ಟೆ ಹಾಕಿಕೊಳ್ಳುತ್ತಲೇ ಆ ಗೆರೆ ಮುಟ್ಟಬಹುದು. 35.2ರವರೆಗೆ ಈಜಿ ಬಂದವರು ಕಾರಿನ ಬಾಗಿಲ ಹತ್ತಿರ ನಿಂತಾಗ ಅದನ್ನು ದಾಟಿಬಿಟ್ಟಿರುತ್ತಾರೆ. ಆದ್ದರಿಂದ ಇನ್ನೂ ಚೆನ್ನಾಗಿದೆ ಅನಿಸುವಾಗಲೇ ಮೇಲೆ ಬನ್ನಿ. ಸಾಕು ಅನಿಸುವವರೆಗೆ ಕಾದರೆ ತಡವಾಗಿರುತ್ತದೆ.

ನಡುಕಕ್ಕೆ ಮಾತ್ರ ಹೆದರಬೇಡಿ. ಜೋರಾಗಿ ನಡುಗುವ ಮೈ ಸುಮ್ಮನೆ ಕೂತಾಗಿನ ಐದು ಪಟ್ಟಿನಷ್ಟು ಬಿಸಿ ಹುಟ್ಟಿಸಬಲ್ಲದು. ಹೆದರಬೇಕಾದದ್ದು ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದಾಗ, ಜೊತೆಗೆ ಮಾತು ತೊದಲಿದಾಗ, ಹೆಜ್ಜೆ ತಪ್ಪಿದಾಗ, "ನನಗೇನೂ ಆಗಿಲ್ಲ ಬಿಡಿ" ಎಂದು ಸಿಡುಕತೊಡಗಿದಾಗ. ಅಂಥವರನ್ನು ನಡೆಸಬೇಡಿ, ಕೈಕಾಲು ಉಜ್ಜಬೇಡಿ. ಮಲಗಿಸಿ, ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಸುತ್ತಿ, ಅಡಿಗೂ ಏನಾದರೂ ಹಾಸಿ. ಐರ್ಲೆಂಡ್‌ನಲ್ಲಿ 112 ಅಥವಾ 999ಕ್ಕೆ ಕರೆ ಮಾಡಿ.

ಪ್ರಶ್ನೆ: ಹೊರಬಂದ ಕೂಡಲೇ ಬಿಸಿನೀರಿನ ಷವರ್ ಕೆಳಗೆ ನಿಲ್ಲಬಾರದು ಎನ್ನುತ್ತಾರಲ್ಲ, ಚಳಿಗೆ ಬಿಸಿನೀರೇ ಮದ್ದಲ್ಲವೇ? ಹಾಗಿದ್ದರೆ ಮಾಡಬೇಕಾದದ್ದೇನು, ಕ್ರಮವಾಗಿ ತಿಳಿಸಿ. — ಓದುಗರು, ಬ್ರೈಟನ್

ಷವರ್‌ನಲ್ಲಿ ಎರಡು ತೊಂದರೆ. ಚರ್ಮಕ್ಕೆ ಬಿಸಿ ತಾಗಿದ ಕೂಡಲೇ ನಡುಕ ಅಡಗುತ್ತದೆ, ಎಂದರೆ ಒಳಗಿನಿಂದ ಹುಟ್ಟುತ್ತಿದ್ದ ಬಿಸಿಯೇ ನಿಲ್ಲುತ್ತದೆ. ಅದರ ಜೊತೆಗೆ ಬಿಗಿದಿದ್ದ ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ರಕ್ತದೊತ್ತಡ ಕುಸಿಯುತ್ತದೆ. ನೀರಿನಲ್ಲಿದ್ದಾಗ ನೀರಿನ ಒತ್ತಡವೇ ಕಾಲಿನ ರಕ್ತವನ್ನು ಎದೆಯ ಕಡೆಗೆ ದೂಡುತ್ತಿರುತ್ತದೆ. ಮೇಲೆ ಬಂದಾಗ ಆ ಆಸರೆಯೂ ಹೋಗಿರುತ್ತದೆ. ಎದೆಯಲ್ಲಿ ರಕ್ತ ಹೆಚ್ಚಿದ್ದರಿಂದ ಮೂತ್ರವೂ ಹೆಚ್ಚಾಗಿ ಹೋಗಿ ಮೈಯ ನೀರು ಕಡಿಮೆಯಾಗಿರುತ್ತದೆ. ಷವರ್ ಕೆಳಗೆ ನಿಂತಲ್ಲೇ ತಲೆ ಸುತ್ತಿ ಬೀಳುವುದು ಇದರಿಂದ. ಮರಗಟ್ಟಿದ ಚರ್ಮಕ್ಕೆ ನೀರು ಎಷ್ಟು ಬಿಸಿ ಎಂಬುದು ತಿಳಿಯದೆ ಸುಡುವುದೂ ಉಂಟು. ವೈದ್ಯರ ಕಣ್ಣೆದುರು, ತೊಟ್ಟಿಯಲ್ಲಿ ಕೂರಿಸಿ ಬಿಸಿನೀರಿನಿಂದ ಮೈ ಕಾಯಿಸುವ ಚಿಕಿತ್ಸೆ ಇದೆ ನಿಜ. ಒಬ್ಬರೇ ಷವರ್ ಕೆಳಗೆ ನಿಲ್ಲುವುದಕ್ಕೆ ಅದು ಸಮರ್ಥನೆಯಾಗದು.

ಮಾಡಬೇಕಾದ ಕೆಲಸ ನೀರಿಗೆ ಇಳಿಯುವ ಮೊದಲೇ ಶುರುವಾಗುತ್ತದೆ. ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಡಿ: ಕೊನೆಗೆ ಹಾಕುವ ಕೋಟು ಕೆಳಗೆ, ಮೊದಲು ಹಾಕುವ ಬನಿಯನ್ ಮೇಲೆ, ಅದರ ಮೇಲೆ ಟವೆಲ್. ತೋಳುಗಳನ್ನು ಸರಿಯಾಗಿ ಹೊರಳಿಸಿಡಿ. ಎಲ್ಲವೂ ಸಡಿಲವಾಗಿರಲಿ. ಸಣ್ಣ ಗುಂಡಿ, ಹುಕ್ಕು, ಲೇಸು ಬೇಡ. ತಣ್ಣಗಾದ ಬೆರಳಿಗೆ ಅಂಗಿಯ ಒಂದು ಗುಂಡಿ ಹಾಕುವುದಕ್ಕೆ ಎರಡು ನಿಮಿಷ ಬೇಕಾದೀತು, ಆ ಎರಡು ನಿಮಿಷವೂ ಎದೆ ಗಾಳಿಗೆ ತೆರೆದಿರುತ್ತದೆ. ಬಿಗಿ ಜೀನ್ಸ್ ಅಂತೂ ಒದ್ದೆ ಕಾಲಿಗೆ ಏರುವುದೇ ಇಲ್ಲ. ನಿಲ್ಲಲು ಒಂದು ರಬ್ಬರ್ ಚಾಪೆ ಇರಲಿ. ಹಾಟ್ ವಾಟರ್ ಬ್ಯಾಗ್ ಇದ್ದರೆ ಬಟ್ಟೆಯ ಗಂಟಿನೊಳಗೆ ಇಟ್ಟುಬಿಡಿ, ಬಟ್ಟೆ ಬೆಚ್ಚಗಿರುತ್ತದೆ. ಬರಿಮೈಗೆ ಅದನ್ನು ಒತ್ತಬೇಡಿ.

ಹೊರಬಂದ ಮೇಲೆ ಮಾತುಕತೆ, ಫೋಟೋ ಎಲ್ಲ ಆಮೇಲೆ. ಮೊದಲು ಮೇಲ್ಮೈಯ ಒದ್ದೆ ಬಟ್ಟೆ ತೆಗೆದು, ಉಜ್ಜದೆ ಒತ್ತಿ ಒರೆಸಿ, ಬನಿಯನ್, ಸ್ವೆಟರ್, ಉಣ್ಣೆ ಟೊಪ್ಪಿ. ನಂತರ ಸೊಂಟದ ಕೆಳಗಿನದು, ಕಾಲುಚೀಲ, ಕೈಗವಸು, ಕೊನೆಗೆ ಗಾಳಿ ತಡೆಯುವ ಕೋಟು. ಹೊರಬಂದ ಹತ್ತು ನಿಮಿಷದೊಳಗೆ ಇಷ್ಟೂ ಮುಗಿದಿರಬೇಕು, ಏಕೆಂದರೆ ಕೈ ಮಾತು ಕೇಳುವುದು ಅಷ್ಟು ಹೊತ್ತು ಮಾತ್ರ. ಆಮೇಲೆ ಫ್ಲಾಸ್ಕಿನ ಸಿಹಿ ಚಹಾ ಅಥವಾ ಬಿಸಿ ಹಾಲು. ಲೋಟ ಅರ್ಧ ಮಾತ್ರ ತುಂಬಿಸಿ, ನಡುಗುವ ಕೈಯಲ್ಲಿ ತುಳುಕಿ ಸುಟ್ಟೀತು. ಆ ಚಹಾದ ಬಿಸಿಯಿಂದ ಮೈ ಕಾಯುವುದು ಅತ್ಯಲ್ಪ. ಉಪಯೋಗಕ್ಕೆ ಬರುವುದು ಅದರ ಸಕ್ಕರೆ, ನಡುಕಕ್ಕೆ ಬೇಕಾದ ಇಂಧನ. ಒಂದು ಬಾಳೆಹಣ್ಣು, ಒಂದು ತುಂಡು ಕೇಕ್ ಆದರೂ ಸರಿ. ಬ್ರಾಂದಿ ಖಂಡಿತ ಬೇಡ. ಅದು ಚರ್ಮದ ರಕ್ತನಾಳ ತೆರೆದು ಇರುವ ಬಿಸಿಯನ್ನೂ ಹೊರಹಾಕುತ್ತದೆ, ನಡುಕವನ್ನು ಕುಗ್ಗಿಸುತ್ತದೆ.

ಗಾಳಿಯಿಲ್ಲದ ಕಡೆ ಕೂತು ನಡುಗಲು ಬಿಡಿ. ನಡುಕ ಪೂರ್ತಿ ನಿಂತು, ಬೆರಳು ಮೊದಲಿನಂತೆ ಆಡುವವರೆಗೆ ಕಾರಿನ ಸ್ಟಿಯರಿಂಗ್ ಮುಟ್ಟಬೇಡಿ. ಸ್ನಾನ ಅದಾದ ಮೇಲೆ, ಮನೆಯಲ್ಲಿ.

ಪ್ರಶ್ನೆ: ನೀರು ಎಷ್ಟು ಡಿಗ್ರಿ ಇದೆಯೋ ಅಷ್ಟು ನಿಮಿಷ ಈಜಬಹುದು ಎಂಬ ಲೆಕ್ಕ ಸರಿಯೇ? — ಓದುಗರು, ಎಡಿನ್‌ಬರೋ

ನೆನಪಿಡಲು ಸುಲಭ, ನಂಬಲು ಕಷ್ಟ. ಆ ಲೆಕ್ಕಕ್ಕೆ ನಿಮ್ಮ ಮೈಯ ಪರಿಚಯವಿಲ್ಲ. ತೆಳ್ಳಗಿನವರ ಒಳತಾಪ ಅದೇ ನೀರಿನಲ್ಲಿ ದಪ್ಪಗಿನವರಿಗಿಂತ ಬಹಳ ಬೇಗ ಇಳಿಯುತ್ತದೆ, ಏಕೆಂದರೆ ಚರ್ಮದಡಿಯ ಕೊಬ್ಬೇ ಅಲ್ಲಿ ಹೊದಿಕೆ. ನಿದ್ದೆ ಕೆಟ್ಟಿದ್ದರೆ, ಹಸಿದಿದ್ದರೆ, ಗಾಳಿ ಇದ್ದರೆ ಲೆಕ್ಕ ಬದಲಾಗುತ್ತದೆ. ಹೊಸಬರು 10 ಡಿಗ್ರಿ ನೀರಿನಲ್ಲಿ ಎರಡು-ಮೂರು ನಿಮಿಷದಿಂದ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಹೆಚ್ಚಿಸಲಿ.

ಗಡಿಯಾರಕ್ಕಿಂತ ಕೈ ನೋಡಿಕೊಳ್ಳಿ. ಕಿರುಬೆರಳು ಉಂಗುರಬೆರಳಿಗೆ ಕೂಡದೆ ಬೆರಳುಗಳು ಬಿಡಿಬಿಡಿಯಾಗಿ ಅಗಲಿ ನಿಂತವೋ, ಸ್ನಾಯು-ನರ ತಣ್ಣಗಾಗಿವೆ ಎಂದೇ ಅರ್ಥ, ಕೂಡಲೇ ಹೊರಡಿ. ಹೆಬ್ಬೆರಳಿಂದ ಕಿರುಬೆರಳಿನ ತುದಿ ಮುಟ್ಟಲಾಗದಿದ್ದರೂ ಅಷ್ಟೇ. ದಡದಲ್ಲಿರುವವರು ಗಮನಿಸಬೇಕಾದ ಗುರುತು ಬೇರೆ: ಕೈ ಬೀಸುವ ವೇಗ ತಗ್ಗುವುದು, ಕಾಲು ಕೆಳಗಿಳಿದು ಮೈ ಓರೆಯಾಗುವುದು, ಕರೆದರೆ ತಡವಾಗಿ ಓಗೊಡುವುದು. ಹೈಪೋಥರ್ಮಿಯಾ ಬರಲು ದೊಡ್ಡವರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಅದಕ್ಕೆ ಎಷ್ಟೋ ಮೊದಲೇ ತೋಳು ಸೋತು ಮುಳುಗುವ ಅಪಾಯವಿದೆ. ಹಾಗಾಗಿ ದಡಕ್ಕೆ ಸಮಾನಾಂತರವಾಗಿ, ಕಾಲು ನೆಲಕ್ಕೆ ಸಿಗುವಷ್ಟು ಆಳದಲ್ಲೇ ಈಜಿ. ಒಬ್ಬರೇ ಹೋಗಬೇಡಿ.

ಪ್ರಶ್ನೆ: ಮಂಗಳೂರಿನ ಸಮುದ್ರದಲ್ಲಿ ಹಲವು ವರ್ಷಗಳಿಂದ ದೂರದ ಈಜು ಅಭ್ಯಾಸವಿದೆ. ಇಂಗ್ಲಿಷ್ ಕಾಲುವೆ ದಾಟುವ ಆಸೆ. ನಮ್ಮ ಬೆಚ್ಚನೆಯ ನೀರಿನಲ್ಲಿದ್ದು ಅಲ್ಲಿನ ಚಳಿಗೆ ಮೈ ಪಳಗಿಸುವುದು ಹೇಗೆ? — ಓದುಗರು, ಮಂಗಳೂರು

ನಿಮ್ಮ ಕಡಲು 27-30 ಡಿಗ್ರಿ, ಅಲ್ಲಿ ಈಜುವ ಋತುವಿನ ನೀರು ಹೆಚ್ಚುಕಡಿಮೆ 14ರಿಂದ 18. ನೇರ ಅಂತರ ಸುಮಾರು 33 ಕಿಲೋಮೀಟರ್. ಉಬ್ಬರ-ಇಳಿತದ ಸೆಳೆತಕ್ಕೆ ಈಜುವ ದೂರ ಇನ್ನೂ ಹೆಚ್ಚುತ್ತದೆ. ಮಾನ್ಯತೆ ಬೇಕಿದ್ದರೆ ವೆಟ್‌ಸೂಟ್ (ಚಳಿ ತಡೆಯುವ ರಬ್ಬರಿನ ಈಜುಡುಗೆ) ಇಲ್ಲ: ಸಾದಾ ಈಜುಡುಗೆ, ಟೊಪ್ಪಿ, ಕನ್ನಡಕ. ಮೈಗೆ ಬಳಿಯುವ ಗ್ರೀಸ್ ಚಳಿ ತಡೆಯುತ್ತದೆ ಎಂದುಕೊಂಡಿದ್ದರೆ ಬಿಟ್ಟುಬಿಡಿ, ಅದು ಕಂಕುಳು, ಕುತ್ತಿಗೆ ಉಜ್ಜಿ ಗಾಯವಾಗದಿರಲು. ದಾಟುವುದಕ್ಕೂ ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರು ಗಂಟೆ ಈಜಿದ ಅರ್ಹತೆ ತೋರಿಸಬೇಕಾಗುತ್ತದೆ. ಇಷ್ಟಾಗಿಯೂ ಬೆಚ್ಚನೆಯ ನೀರಿನ ನಾಡಿನಿಂದ ಹೋಗಿ ದಾಟಿದವರಿದ್ದಾರೆ: 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಾಹಾ.

ಪಳಗುವುದರಲ್ಲಿ ಎರಡು ಬಗೆ. ಮೊದಲನೆಯದು, ತಣ್ಣೀರು ತಾಗಿದಾಗ ಉಸಿರು ಕಟ್ಟಿ ಏದುಸಿರು ಬರುವ ಆಘಾತ. ಇದು ಮನೆಯಲ್ಲೇ ಪಳಗುತ್ತದೆ. ದೊಡ್ಡ ಡ್ರಮ್ಮಿಗೆ ನೀರು, ಐಸ್ ಹಾಕಿ ಥರ್ಮಾಮೀಟರ್‌ನಿಂದ ಅಳೆದು 12-15 ಡಿಗ್ರಿಗೆ ತಂದು, ಕುತ್ತಿಗೆವರೆಗೆ ಮೂರು ನಿಮಿಷ ಕೂರಿ. ಪಕ್ಕದಲ್ಲಿ ಒಬ್ಬರಿರಬೇಕು. ಐದಾರು ಸಲ ಹೀಗೆ ಮಾಡಿದರೆ ಏದುಸಿರು ಅರ್ಧದಷ್ಟಾದರೂ ತಗ್ಗುತ್ತದೆ, ಆ ಲಾಭ ತಿಂಗಳುಗಟ್ಟಲೆ ಉಳಿಯುತ್ತದೆ.

ಎರಡನೆಯದು ಗಂಟೆಗಟ್ಟಲೆ ಒಳತಾಪ ಕಾಯ್ದುಕೊಳ್ಳುವುದು. ಇದಕ್ಕೆ ಡ್ರಮ್ಮು ಸಾಲದು. ಕೆಲವು ವಾರ ಮುಂಚೆಯೇ ಹೋಗಿ ಇಂಗ್ಲೆಂಡಿನ ಡೋವರ್ ಬಂದರಿನಂಥ ನೀರಿನಲ್ಲಿ ಒಂದು ಗಂಟೆ, ಎರಡು, ನಾಲ್ಕು, ಆರು ಎಂದು ಏರಿಸಬೇಕು. ಹೋಗುವ ಮೊದಲು ಮೂರು-ನಾಲ್ಕು ಕಿಲೋ ತೂಕ ಹೆಚ್ಚಿಸಿಕೊಂಡರೆ ತೆಳ್ಳನೆಯ ಮೈಗೆ ಒಳ್ಳೆಯದೇ. ದಾಟುವ ದಿನ ಅರ್ಧ ಗಂಟೆಗೊಮ್ಮೆ ದೋಣಿಯಿಂದ ಕೊಡುವ ಬೆಚ್ಚನೆಯ ಸಿಹಿ ಪೇಯವನ್ನು ಒಂದು ನಿಮಿಷದೊಳಗೆ ಕುಡಿದು ಮುಗಿಸಿ. ನಿಂತಷ್ಟು ಹೊತ್ತೂ ಸ್ನಾಯು ಬಿಸಿ ಹುಟ್ಟಿಸುವುದಿಲ್ಲ, ನೀರು ಮಾತ್ರ ಬಿಸಿ ಎಳೆಯುತ್ತಲೇ ಇರುತ್ತದೆ.

ಇಲ್ಲೊಂದು ಗುಪ್ತ ಅಪಾಯ. ಪಳಗಿದ ಮೈಗೆ ನಡುಕ ತಡವಾಗಿ, ಒಳತಾಪ ಇನ್ನೂ ಕೆಳಗಿಳಿದ ಮೇಲೆ ಶುರುವಾಗುತ್ತದೆ. ಕಡಲಾಳಕ್ಕೆ ಮುಳುಗಿ ಚಿಪ್ಪು, ಪಾಚಿ ಆಯುವ ಕೊರಿಯಾದ ಹೆಂಗಸರು ಹತ್ತಿಬಟ್ಟೆಯಲ್ಲೇ ಚಳಿಗಾಲದ ಕಡಲಿಗಿಳಿಯುತ್ತಿದ್ದ ಕಾಲದಲ್ಲಿ ಅವರಲ್ಲಿ ಈ ಗುಣ ಅಳೆದು ತೋರಿಸಲಾಗಿತ್ತು; 1977ರ ಸುಮಾರಿಗೆ ವೆಟ್‌ಸೂಟ್ ಬಂದು ಕೆಲವು ವರ್ಷಗಳಲ್ಲಿ ಆ ಗುಣ ಮಾಯವಾಯಿತು. ಎಂದರೆ ಚೆನ್ನಾಗಿ ಪಳಗಿದವರಿಗೇ ಅಪಾಯದ ಸೂಚನೆ ಕಡಿಮೆ ಸಿಗುತ್ತದೆ. ದೋಣಿಯಲ್ಲಿರುವವರಿಗೆ ನಿಮ್ಮ ನಿಮಿಷದ ಕೈಬೀಸಿನ ಸಂಖ್ಯೆ ಗೊತ್ತಿರಲಿ. ಅದು ಇಳಿಯುತ್ತಾ ಹೋದರೆ, ಸುಲಭ ಪ್ರಶ್ನೆಗೆ ಉತ್ತರ ತಪ್ಪಿದರೆ, ನಿಮ್ಮನ್ನು ಕೇಳದೆಯೇ ಮೇಲಕ್ಕೆತ್ತುವ ಅಧಿಕಾರ ಅವರಿಗೆ ಮೊದಲೇ ಕೊಟ್ಟಿರಿ.

ಪ್ರಶ್ನೆ: ತಾಯಿಗೆ 68 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಗಂಗೋತ್ರಿಯಲ್ಲಿ ಮೂರು ಮುಳುಗು ಹಾಕಲೇಬೇಕು ಎನ್ನುತ್ತಿದ್ದಾರೆ. ಮೈ ತಾಪ ಇಳಿದು ತೊಂದರೆಯಾದೀತೇ? — ಓದುಗರು, ಮೈಸೂರು

ಒಂದು ನಿಮಿಷದ ಮುಳುಗಿನಲ್ಲಿ ಒಳತಾಪ ಇಳಿಯುವುದಿಲ್ಲ. ಅವರ ವಯಸ್ಸಿಗೆ ಭಯ ಹೃದಯದ್ದು. ಹಿಮ ಕರಗಿ ಬರುವ ಆ ನೀರು ಮೈಗೆ ತಾಗಿದ ಮೊದಲ ಅರ್ಧ ನಿಮಿಷದಲ್ಲಿ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ, ನಾಡಿ ಓಡುತ್ತದೆ, ಬಿಪಿ ಜಿಗಿಯುತ್ತದೆ. ಮುಖ ಮುಳುಗಿದರೆ ನಾಡಿಯನ್ನು ನಿಧಾನಿಸುವ ಇನ್ನೊಂದು ಪ್ರತಿಕ್ರಿಯೆ ಅದೇ ಹೊತ್ತಿಗೆ ಕೆಲಸ ಮಾಡುತ್ತದೆ. ಎರಡೂ ಎಳೆದಾಡಿದಾಗ ಹೃದಯದ ಬಡಿತ ತಾಳ ತಪ್ಪಬಹುದು. ಸಾಲದ್ದಕ್ಕೆ ಆ ಜಾಗ 3,000 ಮೀಟರ್‌ಗೂ ಎತ್ತರ, ಗಾಳಿಯಲ್ಲಿ ಆಮ್ಲಜನಕ ಕಡಿಮೆ.

ಎದೆನೋವು, ಸ್ಟೆಂಟ್, ಬಡಿತದ ಏರುಪೇರು, ಹತೋಟಿಗೆ ಬಾರದ ಬಿಪಿ ಇವುಗಳಲ್ಲಿ ಯಾವುದಿದ್ದರೂ ಮುಳುಗು ಬೇಡ, ತಂಬಿಗೆಯ ನೀರಿನ ಪ್ರೋಕ್ಷಣೆ ಸಾಕು ಎಂದು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿ. ಬಿಪಿ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ, ಊರು ತಲುಪಿದ ದಿನವೇ ಬೇಡ, ಒಂದು ರಾತ್ರಿ ತಂಗಿದ ಮೇಲೆ ಆಗಲಿ. ಮೊದಲು ಪಾದ, ಆಮೇಲೆ ಕೈ, ಕತ್ತು, ಮುಖಕ್ಕೆ ನೀರು ಹಚ್ಚಿ. ಸರಪಳಿ ಹಿಡಿದು ಮೊಣಕಾಲವರೆಗೆ ನಿಂತು, ಉಸಿರು ಮಾಮೂಲಿಗೆ ಬಂದ ಮೇಲಷ್ಟೇ ಮುಂದಕ್ಕೆ. ನೀವು ತೋಳು ಹಿಡಿದಿರಿ, ಒಂದು ನಿಮಿಷದೊಳಗೆ ಮೇಲೆ ಬನ್ನಿ. ನಿಜವಾದ ಚಳಿ ಹಿಡಿಯುವುದು ಆಮೇಲೆ, ಒದ್ದೆ ಸೀರೆಯಲ್ಲೇ ಪೂಜೆಗೆ ಕೂತಾಗ. ನದಿಯ ಗಾಳಿಗೆ ಒದ್ದೆ ಬಟ್ಟೆ ಆರುತ್ತಾ ಮೈಯ ಬಿಸಿ ಎಳೆಯುತ್ತದೆ. ಸೀರೆ ಬದಲಿಸಿ, ಸ್ವೆಟರ್, ಶಾಲು ಹೊದಿಸಿದ ಮೇಲೆ ಪೂಜೆಗೆ ಕೂರಿಸಿ.

ಪ್ರಶ್ನೆ: ಸ್ವೀಡನ್‌ನಲ್ಲಿ ಮುಳುಗು ಹಾಕಿ ನೇರ ಸೌನಾಕ್ಕೆ (ಕಾಯಿಸಿದ ಮರದ ಕೋಣೆಗೆ) ಓಡುತ್ತಾರೆ. ಅದು ತಪ್ಪೇ? — ಓದುಗರು, ಸ್ಟಾಕ್‌ಹೋಮ್

ಒಂದೆರಡು ನಿಮಿಷದ ಮುಳುಗಿಗೆ ತಪ್ಪಲ್ಲ. ಆಗ ತಣ್ಣಗಾಗಿರುವುದು ಚರ್ಮ ಮಾತ್ರ. ಇಪ್ಪತ್ತು ನಿಮಿಷ ಈಜಿ ಬಂದು ನೇರ ಸೌನಾ ಹೊಕ್ಕರೆ ಷವರ್‌ಗೆ ಹೇಳಿದ ಅಪಾಯವೆಲ್ಲ ಅಲ್ಲೂ ಇದೆ. ಮೊದಲು ಬಟ್ಟೆ ಹಾಕಿ ನಡುಗಿ ಬೆಚ್ಚಗಾಗಿ. ಸೌನಾದಲ್ಲೂ ಕೆಳಗಿನ ಹಲಗೆಯ ಮೇಲೆ ಕೂರಿ, ಏಳುವಾಗ ನಿಧಾನವಾಗಿ ಏಳಿ.

ಪ್ರಶ್ನೆ: ಎಂಟು ವರ್ಷದ ಮಗಳು ಡಿಸೆಂಬರ್‌ನಲ್ಲಿ ಈಜುಕೊಳದಿಂದ ತುಟಿ ನೀಲಿಯಾಗಿ ಬರುತ್ತಾಳೆ. ಬೆಂಗಳೂರಿನ ಚಳಿಗೂ ಹೀಗಾಗುತ್ತದೆಯೇ? — ಓದುಗರು, ಬೆಂಗಳೂರು

ಖಂಡಿತ ಆಗುತ್ತದೆ. ಬಿಸಿ ಮಾಡದ ಕೊಳದ ನೀರು ಮೈಗಿಂತ ಎಷ್ಟೋ ತಣ್ಣಗಿರುತ್ತದೆ. ಮಕ್ಕಳಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಕೊಬ್ಬು ಕಡಿಮೆ, ಹಾಗಾಗಿ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಸರದಿಗೆ ಕಾಯುತ್ತಾ ಅಂಚು ಹಿಡಿದು ನಿಂತಾಗಲಂತೂ ಇನ್ನೂ ಬೇಗ. ಹಲ್ಲು ಕಡಿಯತೊಡಗಿದರೆ ತರಗತಿ ಮುಗಿಯಲೆಂದು ಕಾಯದೆ ಮೇಲೆ ಕರೆಯಿರಿ, ಪೂರ್ತಿ ಬೆಚ್ಚಗಾಗದೆ ಮತ್ತೆ ಇಳಿಸಬೇಡಿ. ಒದ್ದೆ ಈಜುಡುಗೆಯ ಮೇಲೆ ಫ್ರಾಕ್ ಹಾಕಿ ಸ್ಕೂಟರ್‌ನಲ್ಲಿ ಮುಂದೆ ನಿಲ್ಲಿಸಿಕೊಂಡು ಹೋಗುವುದನ್ನು ನಿಲ್ಲಿಸಿ.

ಪ್ರಶ್ನೆ: ಒಳತಾಪ ಎಷ್ಟು ಇಳಿಯಿತೆಂದು ಮನೆಯ ಥರ್ಮಾಮೀಟರ್‌ನಲ್ಲಿ ನೋಡಬಹುದೇ? — ಓದುಗರು, ಮ್ಯಾಂಚೆಸ್ಟರ್

ಈಜಿ ಬಂದ ಕೂಡಲೇ ಅದು ಹೇಳುವುದನ್ನು ನಂಬಬೇಡಿ. ಹಣೆಗೆ ಹಿಡಿಯುವುದು ತಣ್ಣನೆಯ ಚರ್ಮವನ್ನು ಅಳೆಯುತ್ತದೆ. ಕಿವಿಯೊಳಗೆ ನೀರು, ಬಾಯಲ್ಲಿ ತಣ್ಣನೆಯ ಉಸಿರು. ಮೂರೂ ನಿಜಕ್ಕಿಂತ ಕಡಿಮೆಯೇ ತೋರಿಸುವುದು ಹೆಚ್ಚು. ಚಹಾ ಕುಡಿದು ಬಾಯಿಗಿಟ್ಟರೆ ನಿಜಕ್ಕಿಂತ ಹೆಚ್ಚು ತೋರಿಸಿ ಸುಳ್ಳು ಧೈರ್ಯ ಕೊಡುತ್ತದೆ. ಸಂಶೋಧಕರು ನುಂಗುವ ಮಾತ್ರೆಯಂಥ ಥರ್ಮಾಮೀಟರ್ ಅಥವಾ ಗುದದ್ವಾರದ ತಂತಿ ಬಳಸುತ್ತಾರೆ. ಗುದದ್ವಾರದ ತಾಪವೂ ಹೃದಯದ ಬಳಿಯ ತಾಪಕ್ಕಿಂತ ಹಿಂದೆ ಬೀಳುತ್ತದೆ, ಮೈ ಕಾಯತೊಡಗಿದ ಮೇಲೂ ಅಲ್ಲಿ ಇಳಿತವೇ ಕಾಣುತ್ತಿರುತ್ತದೆ. ನಿಮ್ಮ ಚೀಲದಲ್ಲಿ ಇರಬೇಕಾದದ್ದು ನೀರಿನ ತಾಪ ಅಳೆಯುವ ಥರ್ಮಾಮೀಟರ್. ಪ್ರತಿ ಸಲ ನೀರಿನ ಡಿಗ್ರಿ, ಈಜಿದ ನಿಮಿಷ, ನಡುಕ ಶುರುವಾದ ಹೊತ್ತು, ನಿಂತ ಹೊತ್ತು ಈ ನಾಲ್ಕನ್ನು ಬರೆದಿಡಿ. ನಡುಕ ನಿಲ್ಲಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ಮುಂದಿನ ಸಲ ಈಜುವ ಹೊತ್ತನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ.